ಪಾಚಿ ಮನೆಯ ಪಾಲು

ನಮ್ಮೂರಿಗೆ ಇರುವುದು ಒಂದೇ ಬೀದಿ. ಅದು ದಿಬ್ಬದ ತಲೆಯಿಂದ ಕೆಳಗಿನ ಬಯಲಿನವರೆಗೆ ಇಳಿಯುತ್ತದೆ. ಬೀದಿಯ ಪ್ರತಿ ಮನೆಗೂ ಒಂದು ಪಾಲಿದೆ. ಹೊಲಗದ್ದೆಯ ಪಾಲಲ್ಲ, ಕಥೆಯ ಪಾಲು. ದಿಬ್ಬದ ತುದಿಯಲ್ಲಿರುವುದು ಕತ್ತಲೆ ಮನೆ. ಏನೂ ಇಲ್ಲದಿದ್ದ ಕಾಲದ್ದನ್ನು ಹೇಳುವುದು ಅವರ ಪಾಲು. ಹೇಳುವುದಕ್ಕೆ ಏನೂ ಇಲ್ಲದಿದ್ದರೂ ಆ ಮನೆಯವರಷ್ಟು ಜಂಬದವರು ಬೀದಿಯಲ್ಲಿ ಇನ್ನೊಬ್ಬರಿಲ್ಲ. ಅಲ್ಲಿಂದ ಇಳಿದರೆ ಬೆಳಕಿನ ಮನೆ, ನಕ್ಷತ್ರದ ಮನೆ, ಭೂಮಿ ಉಂಡೆ ಕಟ್ಟಿದ ಮನೆ, ಚಂದ್ರ ಸಿಡಿದ ಮನೆ, ಸಮುದ್ರದ ಮನೆ. ಇನ್ನೂ ಇಳಿದರೆ ಮೀನು, ಜರಿಗಿಡ, ಹಲ್ಲಿಗಳ ಹಿರಿಯರು, ಹೂವು, ಎದ್ದು ನಿಂತ ಕೋತಿ, ಬೆಂಕಿ, ಬಿತ್ತನೆ, ಚಕ್ರ, ಅಕ್ಷರ, ಸೊನ್ನೆ. ಬಯಲಿನ ಅಂಚಿನಲ್ಲಿ ಇವತ್ತಿನ ಮನೆ. ಅವರ ಪಾಲು ವರ್ಷ ವರ್ಷವೂ ಬೆಳೆಯುತ್ತದೆ, ಅದಕ್ಕೆ ಅವರು ಯಾವಾಗಲೂ ಗೊಣಗುತ್ತಾರೆ.

ವರ್ಷಕ್ಕೊಮ್ಮೆ ಹೇಳಿಕೆಯ ದಿನ ಬರುತ್ತದೆ. ಅಂದು ಊರಿಗೆ ಊರೇ ಬೆಳಗಾಗುತ್ತಲೇ ದಿಬ್ಬ ಹತ್ತಿ, ಕತ್ತಲೆ ಮನೆಯ ಮುಂದೆ ನಿಂತು ಕೇಳಿ, ಒಂದೊಂದೇ ಮನೆ ಇಳಿಯುತ್ತಾ ಬರುತ್ತದೆ. ಪ್ರತಿ ಮನೆಯವರೂ ತಮ್ಮ ಹೊಸ್ತಿಲ ಮುಂದೆ ನಿಂತು ತಮ್ಮ ಪಾಲು ಹೇಳುತ್ತಾರೆ. ಯಾವುದಾದರೂ ತಪ್ಪಿತೋ, ಅದು ಊರಿನಲ್ಲಿ ಸೊರಗುತ್ತದೆ. ಒಂದು ವರ್ಷ ಸಮುದ್ರದ ಮನೆಯವರು ಕೆಮ್ಮಿನ ಭರದಲ್ಲಿ ಉಪ್ಪಿನ ಮಾತನ್ನು ನುಂಗಿಬಿಟ್ಟಿದ್ದರು. ಹಿಡಿ ಹಿಡಿ ಉಪ್ಪು ಸುರಿದರೂ ಸಾರು ಸಪ್ಪೆ. ಹುಣಸೆಹಣ್ಣು ಜಾಸ್ತಿ ಕಿವುಚಿಕೊಂಡು ಹೇಗೋ ಕಾಲ ಹಾಕಿದೆವು. ಇನ್ನೊಂದು ವರ್ಷ ಚಕ್ರದ ಮನೆಯಲ್ಲಿ ಅಣ್ಣತಮ್ಮಂದಿರು ಯಾರು ಹೇಳಬೇಕೆಂದು ಜಗಳವಾಡಿ ಇಬ್ಬರೂ ಅರ್ಧರ್ಧ ಹೇಳಿದರು. ಗಾಡಿಗಳು ದಿಮ್ಮಿ ಎಳೆದ ಹಾಗೆ ನೆಲ ಕೆರೆದುಕೊಂಡು ಹೋದವು. ಹೀಗಾದಾಗ ಊರ ಯಜಮಾನರು ಮರುಹೇಳಿಕೆ ಮಾಡಿಸುತ್ತಾರೆ. ಜನ ಮತ್ತೆ ಸೇರುತ್ತಾರೆ, ಸರಿಯಾಗಿ ಹೇಳಿಸುತ್ತಾರೆ, ಮಾರನೆಯ ದಿನ ಗಾಡಿ ಉರುಳುತ್ತದೆ.

ನಾನು ಹುಟ್ಟಿದ್ದು ಪಾಚಿ ಮನೆಯಲ್ಲಿ. ಹೇಳುವುದಕ್ಕೆ ಈಗಲೂ ನಾಲಿಗೆ ತಡವರಿಸುತ್ತದೆ. ಸಮುದ್ರದ ಮನೆಗೂ ಮೀನಿನ ಮನೆಗೂ ನಡುವೆ, ಬೀದಿಯಿಂದ ಸ್ವಲ್ಪ ತಗ್ಗಿನಲ್ಲಿ, ಒಂದು ಕುಂಟೆಯ ದಡದಲ್ಲಿ ನಮ್ಮ ಮನೆ. ಕುಂಟೆಯ ನೀರು ಹಸಿರು, ಮೆಟ್ಟಿಲು ಹಸಿರು, ಗೋಡೆಯ ಬುಡ ಹಸಿರು. ಕಾಲದ ಉದ್ದ ನೋಡಿದರೆ ಬೀದಿಯ ಅರ್ಧಕ್ಕಿಂತ ಹೆಚ್ಚು ನಮ್ಮದೇ ಆಗಬೇಕಿತ್ತು. ಮೀನಿಗಿಂತ ಮುಂಚೆ, ಗಿಡಕ್ಕಿಂತ ಮುಂಚೆ, ಯಾರೂ ಇಲ್ಲದಿದ್ದಾಗ ಅಷ್ಟು ದೀರ್ಘ ಕಾಲ ಭೂಮಿಯ ಮೇಲೆ ಇದ್ದದ್ದು ಪಾಚಿಯೊಂದೇ. ಆದರೆ ಅದರಲ್ಲಿ ಆಗುವುದೇನಿದೆ? ಹಲ್ಲಿಗಳ ಮನೆಯವರು ಬಾಲ ಬೀಸಿ ತೋರಿಸುತ್ತಾರೆ. ನಕ್ಷತ್ರದ ಮನೆಯವರು ತೋಳು ಚಾಚಿ ಸಿಡಿಯುತ್ತಾರೆ. ನಮ್ಮಪ್ಪ ಕೆಂಚಯ್ಯ ಮಾತ್ರ ಕುಂಟೆಯ ಮೆಟ್ಟಿಲ ಮೇಲೆ ಕೈಕಟ್ಟಿ ನಿಂತು, ಕಣ್ಣು ಮುಚ್ಚಿ, ಹೀಗೆ ಶುರು ಮಾಡುತ್ತಿದ್ದ: "ಬೆಳಗಾಯಿತು. ಪಾಚಿ ಇತ್ತು. ಸಂಜೆಯಾಯಿತು. ಪಾಚಿ ಇತ್ತು. ಬೆಳಗಾಯಿತು. ಪಾಚಿ ಇತ್ತು."

ಅದೇ ಮಾತು, ಮತ್ತೆ ಅದೇ ಮಾತು. ನಡುವೆ ಎಲ್ಲೋ ಒಂದು ಸಲ "ಮಳೆ ಬಂತು" ಎನ್ನುತ್ತಿದ್ದ, ಮತ್ತೆ ಪಾಚಿ ಇತ್ತು. ಹೇಳಿಕೆಯ ದಿನ ಜನರಿಗೆ ನಮ್ಮ ಮನೆ ಎಂದರೆ ಎಲೆಯಡಿಕೆ ಹಾಕಿಕೊಳ್ಳುವ ಜಾಗ. ಸಮುದ್ರ ಕೇಳಿ ಕಾಲು ನೋಯಿಸಿಕೊಂಡವರು ಅಲ್ಲಿ ಕೂತು, ನೀರು ಕುಡಿದು, ಮಕ್ಕಳ ಮೂಗು ಒರೆಸಿ, ಅಪ್ಪ ಹೇಳುತ್ತಿರುವಾಗಲೇ ಎದ್ದು ಮೀನಿನ ಮನೆಗೆ ಓಡುತ್ತಿದ್ದರು. ಬೀದಿಯಲ್ಲಿ ನನ್ನನ್ನು ಕಂಡರೆ ಹುಡುಗಿಯರು ಕೈಕೈ ಹಿಡಿದು ಸುತ್ತುತ್ತಾ "ಬೆಳಗಾಯ್ತು, ಪಾಚಿ ಇತ್ತು! ಸಂಜೆಯಾಯ್ತು, ಪಾಚಿ ಇತ್ತು!" ಎಂದು ಹಾಡುತ್ತಿದ್ದರು. ನಾನು ಅಳುತ್ತಾ ಮನೆಗೆ ಬಂದರೆ ಅಪ್ಪ ನಗುತ್ತಿದ್ದ. "ಸರಿಯಾಗೇ ಹೇಳವ್ರಲ್ಲ ಮಗಾ, ಒಂದ್ ಮಾತೂ ತಪ್ಪಿಲ್ಲ" ಎನ್ನುತ್ತಿದ್ದ. ಅವನ ಮೇಲೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಎಲ್ಲರೂ ಎದ್ದು ಹೋದ ಮೇಲೂ ಕೂತಿರುತ್ತಿದ್ದವಳು ನಮ್ಮವ್ವ ಒಬ್ಬಳೇ. ಮೇಲಿನಿಂದ ಎರಡನೆಯ ಮೆಟ್ಟಿಲು ಅವಳದು. ಅಲ್ಲಿ ಕೂತು ಅಪ್ಪನ ಒಂದೊಂದು ಮಾತಿಗೂ "ಹೂಂ" ಎನ್ನುತ್ತಿದ್ದಳು. ಕಥೆ ಎಂದಮೇಲೆ ಹೂಂಗುಟ್ಟುವವರು ಬೇಕಲ್ಲ. ಬೇರೆ ಮನೆಗಳ ಮುಂದೆ ಊರಿಗೆ ಊರೇ ಹೂಂಗುಟ್ಟುತ್ತದೆ, ಅದು ಯಾರ ಗಮನಕ್ಕೂ ಬರುವುದಿಲ್ಲ. ನಮ್ಮಲ್ಲಿ ಅವ್ವನ ಹೂಂ ಒಂದೇ. ಅದು ಎಷ್ಟು ಹೊತ್ತು ನಡೆಯುತ್ತಿತ್ತೋ ನನಗೆ ಗೊತ್ತಿಲ್ಲ, ಯಾಕೆಂದರೆ ನಾನೂ ಮೀನಿನ ಮನೆಗೆ ಓಡಿದವಳೇ. ಹುಟ್ಟಿದ ಮನೆಯ ಪಾಲನ್ನು ನಾನು ಕೊನೆಯವರೆಗೆ ಒಮ್ಮೆಯೂ ಕೇಳಿರಲಿಲ್ಲ. ಪಾಚಿಯಿಂದ ಗುಳ್ಳೆ ಏಳುತ್ತದೆ, ಆ ಗುಳ್ಳೆಯೇ ನಾವು ಆಡುವ ಉಸಿರು ಎಂಬುದಷ್ಟನ್ನು ಅವ್ವ ತಲೆ ಬಾಚುವಾಗ ಹೇಳಿದ್ದಳು. ಜಡೆ ಬಿಗಿಯಾಗಿ ಎಳೆದಳೆಂದು ನಾನು ಕಿರುಚುತ್ತಿದ್ದೆ, ಅದರಲ್ಲಿ ಅರ್ಧ ಕೇಳಿಸಿಕೊಂಡಿದ್ದೆ.

ನನ್ನನ್ನು ಬೆಂಕಿ ಮನೆಗೆ ಕೊಟ್ಟರು. ಕೊಟ್ಟರು ಅನ್ನುವುದಕ್ಕಿಂತ, ಬೆಂಕಿ ಮನೆಯ ಸೋಮಣ್ಣ ನನ್ನನ್ನು ಮೆಚ್ಚಿ ಹಟ ಹಿಡಿದು ಕಟ್ಟಿಕೊಂಡ. ಬೀದಿಗೆಲ್ಲ ಅವನಂಥ ಹೇಳುಗಾರ ಇಲ್ಲ. ಎರಡು ಕಲ್ಲು ಉಜ್ಜಿ ಅವನು "ಕಿಡಿ!" ಎಂದರೆ ಮುಂದಿನ ಸಾಲಿನವರು ಹಿಂದಕ್ಕೆ ಸರಿಯುತ್ತಾರೆ. ಅತ್ತೆ ಪುಟ್ಟತಾಯಮ್ಮ ನನ್ನ ತವರಿನ ಬಗ್ಗೆ ಒಂದು ಮಾತೂ ಆಡಿದವರಲ್ಲ. ಆಡದೆ ಇರುವುದೇ ನನಗೆ ಚುಚ್ಚುತ್ತಿತ್ತು. ಬೀದಿಯಲ್ಲಿ ಅಪ್ಪ ಎದುರಾದರೆ ನಾನು ಸೆರಗು ಸರಿಮಾಡಿಕೊಳ್ಳುವ ನೆಪದಲ್ಲಿ ತಲೆ ತಗ್ಗಿಸುತ್ತಿದ್ದೆ. ಅಪ್ಪ ಅರ್ಥ ಮಾಡಿಕೊಂಡವನ ಹಾಗೆ ಬೀದಿಯ ಆ ಬದಿಗೆ ಸರಿಯುತ್ತಿದ್ದ.

ಕಳೆದ ಚಳಿಗಾಲದಲ್ಲಿ ಅವ್ವ ತೀರಿಕೊಂಡಳು. ಹೇಳಿಕೆಯ ದಿನಕ್ಕೆ ಮುಂಚೆ ಅಪ್ಪ ಬೆಂಕಿ ಮನೆಯ ಹಿತ್ತಲ ಬಾಗಿಲಿಗೆ ಬಂದ. ಮುಂಬಾಗಿಲಿಗೆ ಅವನು ಯಾವತ್ತೂ ಬಂದವನಲ್ಲ.

"ಮಗಾ, ಈ ಸಲ ನೀನು ಬಂದು ಆ ಮೆಟ್ಲ ಮೇಲೆ ಕೂತ್ಕತೀಯಾ? ಏನೂ ಮಾಡೋದ್ ಬ್ಯಾಡ. ಹೂಂ ಅಂತಿದ್ರೆ ಸಾಕು."

"ಊರ್ನೋರೆಲ್ಲ ಇರ್ತಾರಲ್ಲಪ್ಪ" ಎಂದೆ.

"ಇರ್ತಾರೆ" ಎಂದ ಅಪ್ಪ. ಬರುತ್ತೇನೆ ಎಂದು ಒಪ್ಪಿಕೊಂಡೆ.

ಹೋದೆ, ಕೂತೆ. ಅದರಲ್ಲಿ ಸುಳ್ಳಿಲ್ಲ. ಹಬ್ಬದ ದಿನದ ಹಳದಿ ಸೀರೆ ಉಟ್ಟಿದ್ದೆ, ಅದನ್ನು ಮೊಣಕಾಲಿನವರೆಗೆ ಮುದುರಿಕೊಂಡು ಮೆಟ್ಟಿಲ ಅಂಚಿನಲ್ಲಿ ಕೂತೆ. ಅಪ್ಪ ಕಣ್ಣು ಮುಚ್ಚಿ ಶುರು ಮಾಡಿದ. ಬೆಳಗಾಯಿತು. ಹೂಂ. ಪಾಚಿ ಇತ್ತು. ಹೂಂ. ನನ್ನ ದನಿ ನನಗೇ ಕೇಳಿಸದಷ್ಟು ಸಣ್ಣಗಿತ್ತು. ಜನ ಎಲೆಯಡಿಕೆ ಹಾಕಿಕೊಂಡು ಎದ್ದರು. ಆಗ ಸಮುದ್ರದ ಮನೆಯ ಕಡೆಯಿಂದ ಅತ್ತೆ, ಅತ್ತೆಯ ತಂಗಿಯರು, ಬಿತ್ತನೆ ಮನೆಯ ಬೀಗಿತ್ತಿಯರು ಎಲ್ಲ ಸಾಲಾಗಿ ಇಳಿದು ಬಂದರು. ಅವರಲ್ಲೊಬ್ಬಳು ನನ್ನನ್ನು ನೋಡಿ ಪಕ್ಕದವಳ ತೋಳು ತಿವಿದಳು. ಅಷ್ಟೇ ಆದದ್ದು. ನನ್ನ ಕಿವಿ ಬಿಸಿಯಾಯಿತು. ಎಲ್ಲರಿಗೂ ಕೇಳಿಸಲಿ ಎಂದೇ ನಾನು ಗಟ್ಟಿಯಾಗಿ, ನಗುತ್ತಾ ಹೇಳಿದೆ: "ಅಯ್ಯೋ, ಸೀರೆಗೆ ಪಾಚಿ ಹತ್ತುತ್ತೆ!" ಎಂದವಳೇ ಎದ್ದು, ಸೀರೆ ಕೊಡವಿಕೊಂಡು, ಅವರ ಜೊತೆ ಸೇರಿಕೊಂಡು ಮೀನಿನ ಮನೆಗೆ ಹೋದೆ. ಹಿಂದಿನಿಂದ ಅಪ್ಪನ ದನಿ ಕೇಳುತ್ತಿತ್ತು. ಸಂಜೆಯಾಯಿತು. ಪಾಚಿ ಇತ್ತು. ಪ್ರತಿ ಮಾತಿನ ನಂತರವೂ ಅವನು ಒಂದು ಹೂಂ ಹಿಡಿಸುವಷ್ಟು ಜಾಗ ಬಿಡುತ್ತಿದ್ದ.

ಅಂದು ಸಂಜೆಯೇ ದೀಪಗಳು ಸಣ್ಣಗಾದವು. ಬತ್ತಿ ಎಷ್ಟು ಎಳೆದರೂ ಕಡಲೆಕಾಳಿನಷ್ಟು ಉರಿ. ಮಾರನೆಯ ದಿನ ಒಲೆ ಹತ್ತಲಿಲ್ಲ. ಬರೀ ಹೊಗೆ. ಊದುಕೊಳವೆ ಹಿಡಿದ ಹೆಂಗಸರು ಊದಲಾರದೆ ಗೋಡೆಗೆ ಒರಗಿ ಕೂತರು. ಜನ ಅವಲಕ್ಕಿ ನೆನೆಹಾಕಿದರು, ಹೆಸರುಬೇಳೆ ಕೋಸಂಬರಿ ಮಾಡಿಕೊಂಡರು. ಅಭ್ಯಾಸ ಇದ್ದದ್ದೇ, ಏನೋ ಒಂದು ತಪ್ಪಿದೆ, ಯಜಮಾನರು ಹುಡುಕುತ್ತಾರೆ ಎಂದುಕೊಂಡರು. ದಿನ ಕಳೆದಂತೆ ದಿಬ್ಬ ಹತ್ತುವವರು ಪ್ರತಿ ಜಗಲಿಯಲ್ಲೂ ಕೂತು ಕೂತು ಹೋಗತೊಡಗಿದರು. ಮಾತು ಗಿಡ್ಡವಾಯಿತು. ಜಗಳಗಳು ಅರ್ಧಕ್ಕೇ ನಿಂತವು, ಬೈಯಲು ಶುರು ಮಾಡಿದವರು ಕೈಸನ್ನೆ ಮಾಡಿ ಮುಗಿಸಿದರು. ತರಕಾರಿಯವಳು ಹೇಳಿದ ಬೆಲೆಗೆ ಜನ ಚೌಕಾಸಿ ಮಾಡದೆ ಕೊಂಡರು. ಗುಬ್ಬಿಗಳು ಹಾರುವುದನ್ನು ಬಿಟ್ಟು ಕೋಳಿಗಳ ಹಾಗೆ ಬೀದಿಯಲ್ಲಿ ನಡೆದಾಡಿದವು.

ಉರಿ ಸೊರಗಿದೆ ಎಂದರೆ ತಪ್ಪು ಬೆಂಕಿ ಮನೆಯದೇ ಎಂದು ಎಲ್ಲರೂ ತೀರ್ಮಾನಿಸಿದರು. ಸೋಮಣ್ಣ ಮರುಹೇಳಿಕೆ ಮಾಡಿದ. ಕಲ್ಲು ಉಜ್ಜಿದ, ಕೂಗಿದ, ಗುಹೆಯ ಮುಂದೆ ಮೊದಲ ಸಲ ಬೆಚ್ಚಗಾದ ಮುದುಕಿಯ ಕಥೆಯನ್ನು ಜನ ಅಳುವ ಹಾಗೆ ಹೇಳಿದ. ಊರು ಏದುಸಿರಿನಲ್ಲೇ ಹೂಂಗುಟ್ಟಿತು. ಏನೂ ಆಗಲಿಲ್ಲ. ಇನ್ನೊಂದು ಸಲ ಹೇಳಿದ. ಜನ ಅವನನ್ನು ಓರೆಗಣ್ಣಿನಿಂದ ನೋಡತೊಡಗಿದರು. ಅವನು ಊಟ ಬಿಟ್ಟ. ಗೂರಲು ಇದ್ದ ಅತ್ತೆ ಗೋಡೆಗೆ ದಿಂಬು ಒರಗಿಸಿಕೊಂಡು ಕೂತೇ ಇದ್ದರು, ಮಲಗಿದರೆ ಉಸಿರು ಸಿಕ್ಕುತ್ತಿರಲಿಲ್ಲ. ಅವರ ಎದೆ ಏಳುವುದನ್ನೂ ಇಳಿಯುವುದನ್ನೂ ನಾನು ಪಕ್ಕದಲ್ಲಿ ಕೂತು ನೋಡುತ್ತಿದ್ದೆ. ನನಗೆ ಮೊದಲ ಸಂಜೆಯೇ ಗೊತ್ತಾಗಿತ್ತು. ಇದು ಉರಿಯದ್ದಲ್ಲ, ಗಾಳಿಯದು. ಅವ್ವನ ಹೂಂ ಎಷ್ಟು ತೂಕದ್ದೆಂದು ಊರಿನಲ್ಲಿ ಗೊತ್ತಿದ್ದದ್ದು ಇಬ್ಬರಿಗೇ, ನನಗೆ ಮತ್ತು ನನ್ನಪ್ಪನಿಗೆ. ಗೊತ್ತಿದ್ದೂ ನಾನು ಬಾಯಿ ಬಿಡಲಿಲ್ಲ. ಬಿಟ್ಟರೆ, ಪಾಚಿ ಮನೆಯ ಮೆಟ್ಟಿಲಿನಿಂದ ನಾಚಿಕೊಂಡು ಎದ್ದವಳು ಎಂದು ಹೇಳಬೇಕಿತ್ತು. ನಾಚಿಕೆಯಾಯಿತು ಎಂದು ಹೇಳುವುದಕ್ಕೂ ನನಗೆ ನಾಚಿಕೆಯಾಗುತ್ತಿತ್ತು.

ಯಜಮಾನ ಹನುಮಂತಯ್ಯನವರು ಚಕ್ರದ ಮನೆಯ ಅಂಗಳದಲ್ಲಿ ಊರನ್ನು ಸೇರಿಸಿದರು. ಬೆಂಕಿಯ ಪಾಲನ್ನು ಸೋಮಣ್ಣನಿಂದ ತೆಗೆದು ಬೇರೆಯವರಿಗೆ ಕೊಡುವುದು ಎಂದು ಮಾತು ಬಂತು. ಸೋಮಣ್ಣ ತಲೆ ತಗ್ಗಿಸಿ ನಿಂತಿದ್ದ. ಹೆಂಗಸರ ಗುಂಪಿನಲ್ಲಿ ನಾನು ಸೆರಗಿನ ತುದಿಯನ್ನು ಬಾಯಲ್ಲಿ ಕಚ್ಚಿಕೊಂಡು ನಿಂತಿದ್ದೆ. ಈಗ ಹೇಳು, ಈಗ ಹೇಳು ಎಂದು ಮನಸ್ಸು ಬಡಿದುಕೊಳ್ಳುತ್ತಿತ್ತು. ಆಗ ಹಿಂದಿನಿಂದ ಅಪ್ಪ ಜನರನ್ನು ಸರಿಸಿಕೊಂಡು ಮುಂದೆ ಬಂದ.

"ಸೋಮಣ್ಣಂದಲ್ಲ ತಪ್ಪು" ಎಂದ. ಎರಡು ಮಾತಿಗೆ ಒಮ್ಮೆ ನಿಂತು ಉಸಿರು ಎಳೆದುಕೊಳ್ಳುತ್ತಿದ್ದ. "ಗಾಳಿ ಸೊರಗಿರಾದು. ಅದು ನಮ್ ಪಾಲ್ನಲ್ಲಿ ಅದೆ. ಗುಳ್ಳೆ ಮಾತು ಬತ್ತದಲ್ಲ, ಅದನ್ನ ನಾನು ಮರ್ತ್‌ಬುಟ್ಟೆ."

ನಕ್ಷತ್ರದ ಮನೆಯವನೊಬ್ಬ, "ಇರೋದೇ ಎರಡ್ ಮಾತು, ಅದ್ರಲ್ಲೂ ಒಂದನ್ನ ಮರೆತ್ಯಾ ಕೆಂಚಯ್ಯ?" ಎಂದ. ಆ ಉಸಿರಿಲ್ಲದ ಉಸಿರಿನಲ್ಲೂ ಜನ ನಕ್ಕರು. ನಗುತ್ತಾ ಕೆಮ್ಮಿದರು. ಅಪ್ಪನೂ ನಕ್ಕ. ವಯಸ್ಸಾಯಿತು ಎನ್ನುವಂತೆ ತಲೆ ತಟ್ಟಿಕೊಂಡ. ಅವನು ಒಂದು ಮಾತನ್ನೂ ಮರೆತವನಲ್ಲ. ಅವ್ವನ ಹೆಣದ ಮುಂದೆ ಕೂತಾಗಲೂ ಅವನ ತುಟಿ ಆ ಮಾತುಗಳನ್ನೇ ಆಡುತ್ತಿತ್ತು, ನಾನು ನೋಡಿದ್ದೆ. ಅವನು ನನ್ನ ಕಡೆ ಒಮ್ಮೆಯೂ ತಿರುಗಲಿಲ್ಲ. ತಿರುಗಿದ್ದರೆ ನಾನು ಬಾಯಿ ಬಿಡುತ್ತಿದ್ದೆನೇನೋ. ಬಿಡುತ್ತಿದ್ದೆ ಎಂದು ಈಗ ಹೇಳಿಕೊಳ್ಳುವುದು ಸುಲಭ.

"ಪೂರ್ತಿ ಇನ್ನೊಂದ್ಸಲ ಹೇಳ್ತೀನಿ" ಎಂದ ಅಪ್ಪ.

"ಪೂರ್ತಿ ಕೇಳೋಕೆ ಯಾರಿಗಿದೆ ಉಸಿರು?" ಎಂದರು ಯಜಮಾನರು. "ನಿಂಗಿನ್ನು ಆಗಲ್ಲ ಕೆಂಚಯ್ಯ. ಪಾಚಿ ಪಾಲನ್ನ ಸೋಮಣ್ಣನೇ ಇಟ್ಕೊಳ್ಳಲಿ. ಚೆನ್ನಾಗ್ ಹೇಳ್ತಾನೆ, ಬೇಗ ಮುಗಿಸ್ತಾನೆ. ನೀನಿನ್ನು ಆ ಮೆಟ್ಲ ಮೇಲೆ ನಿಂತು ಏನೂ ಹೇಳಕೂಡ್ದು."

ಅಪವಾದ ಕಳೆದ ಖುಷಿಯಲ್ಲಿ ಸೋಮಣ್ಣ ಅಲ್ಲೇ ಹೇಳಿದ. ಸೊಗಸಾಗಿ ಹೇಳಿದ. ಹಸಿರು ಬಟ್ಟೆ ಹಾಸಿದಂತೆ ಪಾಚಿ ಹಬ್ಬಿತು, ಮುತ್ತಿನಂಥ ಗುಳ್ಳೆಗಳು ಎದ್ದವು, ಗಾಳಿ ತುಂಬಿತು. ಒಂದು ಎಲೆಯಡಿಕೆ ಅಗಿಯುವಷ್ಟರಲ್ಲಿ ಮುಗಿಯಿತು. ಊರು ಗಟ್ಟಿಯಾಗಿ ಹೂಂ ಎಂದಿತು. ಎಲ್ಲರೂ ಮೂಗು ಅರಳಿಸಿ ಕಾದರು. ಗುಬ್ಬಿಗಳು ನಡೆಯುತ್ತಲೇ ಇದ್ದವು. ನಾಳೆ ಹೊತ್ತಿಗೆ ಸರಿಹೋದೀತು ಎಂದು ಯಜಮಾನರು ಸಭೆ ಮುಗಿಸಿದರು. ಅಪ್ಪ ದಿಬ್ಬ ಹತ್ತುತ್ತಾ, ಎರಡು ಜಗಲಿಗೆ ಒಮ್ಮೆ ಕೂರುತ್ತಾ ಮನೆಗೆ ಹೋದ. ಅಪ್ಪನಿಗೆ ಕೈ ಕೊಡಲು ನಾನು ಹೋಗಲಿಲ್ಲ.

ಮಾರನೆಯ ಬೆಳಗ್ಗೆ ಅತ್ತೆಯ ತುಟಿ ನೀಲಿಯಾಗಿತ್ತು. ಯಾರೂ ಬೀದಿಗೆ ಬಾರದ ಹೊತ್ತು ನೋಡಿಕೊಂಡು ತವರಿಗೆ ಹೋದೆ. ಅಪ್ಪ ನಡುಮನೆಯಲ್ಲಿ ಚಾಪೆಯ ಮೇಲೆ ಕೂತಿದ್ದ. ನಾನು ಒಳಗೆ ಹೋಗಿ ಬಾಗಿಲು ಮುಚ್ಚಿ ಅಗಳಿ ಹಾಕಿದೆ.

"ಯಾಕಪ್ಪ ಸುಳ್ ಹೇಳ್ದೆ?"

"ಯಾವ್ ಸುಳ್ಳು? ವಯಸ್ಸಾಯ್ತಲ್ವಾ, ಮರ್ತೋಯ್ತು."

"ನಾನು ಎದ್ದೋದೆ. ನಿಂಗೊತ್ತು."

"ನಾನು ಕಣ್ ಮುಚ್ಕಂಡಿದ್ದೆ ಕಣವ್ವ. ನಂಗೇನ್ ಕಂಡದೆ?" ಎಂದ ಅಪ್ಪ. ಚಾಪೆಯ ಕಡ್ಡಿಯೊಂದನ್ನು ಕೀಳುತ್ತಾ ಕೂತ.

"ಈಗ ಹೇಳು. ಇಲ್ಲೇ ಕೂತ್ಕೊಂಡ್ ಕೇಳ್ತೀನಿ. ಕೊನೇವರ್ಗೂ ಹೂಂ ಅಂತೀನಿ. ಯಾರ್ಗೂ ಗೊತ್ತಾಗೋದ್ ಬೇಡ."

ಅಪ್ಪ ಮುಚ್ಚಿದ ಬಾಗಿಲನ್ನು ನೋಡಿದ, ನನ್ನನ್ನು ನೋಡಿದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ.

"ಅಗಳಿ ಹಾಕ್ಕಂಡ್ ಹೇಳೋ ಮಾತಲ್ಲ ಮಗಾ ಇದು. ಮೆಟ್ಲ ಮೇಲೆ ಹೇಳ್ಬೇಕು, ಮೆಟ್ಲ ಮೇಲೆ ಕೇಳ್ಬೇಕು. ನಿಮ್ಮವ್ವ ಜ್ವರ ಬಂದಾಗ್ಲೂ ಅಲ್ಲೇ ಕೂತಿದ್ಲು. ಈಗ ನಂಗೆ ಮೆಟ್ಲೂ ಇಲ್ಲ. ಹೋಗು, ನಿಮ್ಮತ್ತೆಗೆ ಬಿಸ್ಲಲ್ಲಿ ನೀರಿಟ್ಟು ಕುಡ್ಸು. ನಿನ್ನ ಮನೇಲಿ ನಿಂಗೆ ಒಂದ್ ಮಾತು ಬರ್ಬಾರ್ದು."

ಅವನ ಲೆಕ್ಕದಲ್ಲಿ ಅದೊಂದೇ ಇತ್ತು. ಊರು ತನ್ನ ಪಾಲು ಕಿತ್ತುಕೊಂಡರೂ, ಉಸಿರು ನಿಂತರೂ, ಬೆಂಕಿ ಮನೆಯಲ್ಲಿ ನನಗೆ ಒಂದು ಮಾತು ಬರಬಾರದು. ನಾನು ಬೀದಿಯಲ್ಲಿ ತಲೆ ತಗ್ಗಿಸಿದಾಗಲೆಲ್ಲ ಅವನು ಆ ಬದಿಗೆ ಸರಿದದ್ದು ನೆನಪಾಯಿತು. ಇಷ್ಟು ವರ್ಷ ನನ್ನ ನಾಚಿಕೆಯನ್ನು ನನಗಿಂತ ಜೋಪಾನವಾಗಿ ಕಾಪಾಡಿಕೊಂಡು ಬಂದವನು ಅವನೇ. ನನ್ನ ಮೇಲೆ ನನಗೆ ಎಂಥ ಹೇಸಿಗೆಯಾಯಿತೆಂದರೆ ಅಲ್ಲಿ ಇನ್ನು ಕೂತಿರಲು ಆಗಲಿಲ್ಲ. ಅಗಳಿ ತೆಗೆದೆ.

ಬೆಂಕಿ ಮನೆಗೆ ಹೋದೆ. ಪೆಟ್ಟಿಗೆಯಿಂದ ಅದೇ ಹಳದಿ ಸೀರೆ ತೆಗೆದು ಉಟ್ಟೆ. ಅತ್ತೆಯ ಮುಂದೆ ನಿಂತು, "ಅವತ್ತು ನಾನು ಮೆಟ್ಲಿಂದ ಎದ್ದು ಬಂದೆ ಅತ್ತೆ. ನೀವೆಲ್ಲ ನೋಡ್ತೀರಾ ಅಂತ ಎದ್ದೆ. ಅಪ್ಪ ಏನೂ ಮರ್ತಿಲ್ಲ. ಹೂಂ ಅನ್ನೋರಿಲ್ದೆ ಹೋಯ್ತು, ಅದಕ್ಕೇ ಹಿಂಗಾಗಿರೋದು" ಎಂದೆ. ಅತ್ತೆ ಬಹಳ ಹೊತ್ತು ಉಸಿರು ಸೇರಿಸಿಕೊಂಡರು.

"ನಾನ್ ಕರೆದ್ನೇನೇ ನಿನ್ನ?" ಎಂದರು.

"ಇಲ್ಲ."

"ನಾನ್ ಏನಾದ್ರೂ ಅಂದ್ನಾ?"

"ಇಲ್ಲ ಅತ್ತೆ."

"ಮತ್ತೆ ನನ್ ತಲೆ ಮೇಲೆ ಹಾಕ್ಬೇಡ. ನಿಂದು ಅದು." ಗೋಡೆ ಹಿಡಿದುಕೊಂಡು ಎದ್ದರು. "ಕೋಲು ಕೊಡು. ನಾನೂ ಬರ್ತೀನಿ."

ನಾವಿಬ್ಬರೂ ಬೀದಿ ಹತ್ತುವುದನ್ನು ಜನ ಜಗಲಿಗಳಿಂದ ನೋಡಿದರು. ಎರಡು ಹೆಜ್ಜೆಗೆ ಒಮ್ಮೆ ನಿಲ್ಲುತ್ತಿದ್ದೆವು, ಆದ್ದರಿಂದ ನೋಡುವುದಕ್ಕೆ ಅವರಿಗೆ ಬೇಕಾದಷ್ಟು ಹೊತ್ತು ಸಿಕ್ಕಿತು. ಸೋಮಣ್ಣ ಹಿಂದೆ ಬಂದ. ಏನಾಯಿತೆಂದು ಕೇಳುತ್ತಾ ಒಬ್ಬೊಬ್ಬರೇ ಸೇರಿಕೊಂಡರು. ಕುಂಟೆಯ ಹತ್ತಿರ ಹೋಗಿ, ಮೇಲಿನಿಂದ ಎರಡನೆಯ ಮೆಟ್ಟಿಲ ಮೇಲೆ ನಾನು ಪೂರ್ತಿ ಊರಿ ಕೂತೆ. ತಣ್ಣಗಿನ ಪಾಚಿ ಸೀರೆಯ ಒಳಗೆ ಇಳಿಯಿತು. ಅಪ್ಪನನ್ನು ಕೂಗಿದೆ. ಅವನು ಬಾಗಿಲಿಗೆ ಬಂದು ಜನರನ್ನು ಕಂಡು ಅಲ್ಲೇ ನಿಂತ.

ಅತ್ತೆಗೆ ಹೇಳಿದ್ದನ್ನೇ ಊರಿಗೂ ಹೇಳಿದೆ. ಮೊದಲ ಸಲ ಅರ್ಧವೇ ಬಂತು. ಕೇಳಿಸಲಿಲ್ಲ ಎಂದು ಹಿಂದಿನಿಂದ ಯಾರೋ ಅಂದರು, ಆದ್ದರಿಂದ ಇನ್ನೊಮ್ಮೆ ಹೇಳಬೇಕಾಯಿತು. ಸೋಮಣ್ಣ ನನ್ನನ್ನು ಒಮ್ಮೆ ನೋಡಿ ಕುಂಟೆಯ ಕಡೆ ತಿರುಗಿಬಿಟ್ಟ. ಅವನು ಊಟ ಬಿಟ್ಟ ದಿನಗಳಲ್ಲಿ ಪಕ್ಕದಲ್ಲೇ ಕೂತಿದ್ದವಳು ನಾನು. ಜನ ಈ ಸಲ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ಯಜಮಾನರು ಪಾಲು ಸೋಮಣ್ಣನದಾಗಿದೆ, ಕೆಂಚಯ್ಯ ಹೇಳುವ ಹಾಗಿಲ್ಲ ಎಂದರು. ಸೋಮಣ್ಣ ತಿರುಗದೆಯೇ, "ನಂಗ್ ಬೇಡ. ನಂಗೆ ಅದು ಬರಲ್ಲ" ಎಂದ. ಅತ್ತೆ ಕೋಲಿನಿಂದ ನೆಲ ಕುಟ್ಟಿ, "ನಮ್ ಬೀಗ್ರು ಹೇಳ್ಲಿ ಬಿಡ್ರೀ, ಸಾಯ್ತಿರೋಳು ನಾನು" ಎಂದರು. ಅಲ್ಲಿಗೆ ಮಾತು ಮುಗಿಯಿತು.

ಅಪ್ಪ ಬಂದು ಮೆಟ್ಟಿಲ ಮೇಲೆ ನಿಂತ. ಕೈಕಟ್ಟಿದ, ಕಣ್ಣು ಮುಚ್ಚಿದ. "ಬೆಳಗಾಯಿತು" ಎಂದ.

"ಹೂಂ" ಎಂದೆ.

"ಪಾಚಿ ಇತ್ತು."

"ಹೂಂ."

ಊರು ನನ್ನ ಜೊತೆ ಹೂಂಗುಟ್ಟಿತು. ಸ್ವಲ್ಪ ಹೊತ್ತು. ಆಮೇಲೆ ಬಿಸಿಲು ಏರಿತು. ಬೆಳಗಾಗುತ್ತಲೇ ಇತ್ತು, ಪಾಚಿ ಇರುತ್ತಲೇ ಇತ್ತು. ಹಿಂದಿನವರು ಮೊದಲು ಕೂತರು, ಆಮೇಲೆ ಕಾಲು ಬದಲಿಸಿದರು, ಆಮೇಲೆ ಒಬ್ಬೊಬ್ಬರೇ ಮನೆಯಲ್ಲಿ ಕೆಲಸವಿದೆ ಎಂಬಂತೆ ಎದ್ದರು. ಪಾಪ, ಅವರನ್ನು ನಾನು ಏನೆಂದು ಬೈಯಲಿ? ಯಜಮಾನರೂ ಎದ್ದರು. ಸೋಮಣ್ಣ ಬಹಳ ಹೊತ್ತು ಇದ್ದ, ಅತ್ತೆಗೆ ನೆರಳು ಮಾಡಿಕೊಟ್ಟ, ಕೊನೆಗೆ ಅವನ ಕಣ್ಣೂ ಎಳೆಯಿತು. ಅತ್ತೆ ಬೇಲಿಗೆ ಒರಗಿ ತೂಕಡಿಸಿದರು. ಒಂದೊಂದು ಹೂಂಗೂ ಎದೆಯಿಂದ ಗಾಳಿಯನ್ನು ಕೆರೆದು ತೆಗೆಯಬೇಕಿತ್ತು. ಕಣ್ಣ ಮುಂದೆ ಕಪ್ಪು ಚುಕ್ಕೆಗಳು ಓಡಾಡಿದವು. ನಾನು ತಡ ಮಾಡಿದರೆ ಅಪ್ಪ ಕಾಯುತ್ತಿದ್ದ. ಎಷ್ಟು ಬೇಕಾದರೂ ಕಾಯುತ್ತಿದ್ದ.

ಗುಳ್ಳೆಯ ಮಾತು ಬಂತು. "ಒಂದು ಗುಳ್ಳೆ ಎದ್ದಿತು. ಒಡೆಯಿತು. ಪಾಚಿ ಇತ್ತು." ಅಲ್ಲಿಂದ ಮುಂದೆ ನಾನು ಕೇಳಿಯೇ ಇರಲಿಲ್ಲ. ನೀರಿನಲ್ಲಿದ್ದ ಕಬ್ಬಿಣವೆಲ್ಲ ಆ ಗುಳ್ಳೆಗಳಿಗೆ ತುಕ್ಕು ಹಿಡಿದು ಸಮುದ್ರ ಕೆಂಪಾಯಿತಂತೆ. ಪಾಚಿ ಇತ್ತಂತೆ. ತುಕ್ಕೆಲ್ಲ ತಳಕ್ಕೆ ಕೂತು ನೀರು ತಿಳಿಯಾಯಿತಂತೆ. ಭೂಮಿಯ ತುಂಬ ಮಂಜುಗಡ್ಡೆ ಕಟ್ಟಿತು. ಮಂಜಿನ ಕೆಳಗೆ ಪಾಚಿ ಇತ್ತು. ಮಂಜು ಕರಗಿತು. ಪಾಚಿ ಇತ್ತು. ಬೆಳಗಾಯಿತು.

"ಆಕಾಶ ನೀಲಿಯಾಯಿತು" ಎಂದ ಅಪ್ಪ.

ನನಗೆ ಹೂಂ ಎನ್ನಲು ಆಗಲಿಲ್ಲ. ಅಪ್ಪ ಕಾದ.

"ಹೂಂ" ಎಂದೆ.

"ನೋಡುವವರು ಯಾರೂ ಇರಲಿಲ್ಲ. ಪಾಚಿ ಇತ್ತು."

"ಹೂಂ."

ಅದೇ ಕೊನೆಯ ಮಾತು. ಪ್ರತಿ ವರ್ಷ ಊರಿಗೆ ಊರೇ ಮೀನಿನ ಮನೆಯ ಮುಂದೆ ನಗುತ್ತಿರುವಾಗ ಇಲ್ಲಿ ಇದನ್ನು ಇಬ್ಬರೇ ಹೇಳಿ, ಇಬ್ಬರೇ ಕೇಳಿ ಮುಗಿಸುತ್ತಿದ್ದರು. ನಾನು ತಲೆ ಎತ್ತಿ ನೋಡಿದೆ. ಮೇಲೆ ಎಂದಿನ ಆಕಾಶವೇ ಇತ್ತು. ನನ್ನ ಎದೆಯೊಳಗೆ ಗಾಳಿ ಹೋಯಿತು, ಇನ್ನೂ ಹೋಯಿತು, ಬಹಳ ದಿನಗಳ ಮೇಲೆ ಪೂರ್ತಿ ಒಳಗೆ ಹೋಯಿತು. ಬೇಲಿಯ ಪಕ್ಕ ನಡೆಯುತ್ತಿದ್ದ ಗುಬ್ಬಿಯೊಂದು ಪುರ್ರೆಂದು ಹಾರಿತು. ಆ ಸದ್ದಿಗೆ ಅತ್ತೆ ಎಚ್ಚರಗೊಂಡು ದೊಡ್ಡದಾಗಿ ಆಕಳಿಸಿದರು. ಕೆಳಗೆ ಬೀದಿಯಲ್ಲಿ ಯಾರೋ ಯಾರಿಗೋ ಗಟ್ಟಿಯಾಗಿ ಬೈಯಲು ಶುರು ಮಾಡಿದರು. ಒಲೆಗಳ ಹೊಗೆ ನೆಟ್ಟಗೆ ಏಳತೊಡಗಿತು. ನನಗೆ ಮಾತ್ರ ಸಂತೋಷವಾಗಲಿಲ್ಲ. ಅಷ್ಟು ಗಾಳಿ ಒಳಗೆ ಹೋದಾಗ ನಾಚಿಕೆಗೂ ಎದೆಯಲ್ಲಿ ಜಾಗ ದೊಡ್ಡದಾಯಿತು, ಅಷ್ಟೇ.

ಅಪ್ಪ ಕಣ್ಣು ತೆರೆದ. ಮೊದಲು ನೋಡಿದ್ದು ಎರಡನೆಯ ಮೆಟ್ಟಿಲನ್ನು. ನಾನು ಇರುವುದನ್ನು ಕಂಡು ಅವನ ಮುಖ ಸಡಿಲವಾಯಿತು. ಬಗ್ಗಿ, ನನ್ನ ಸೆರಗಿನ ತುದಿಗೆ ಅಂಟಿದ್ದ ಹಸಿರನ್ನು ಹೆಬ್ಬೆರಳಿನಿಂದ ಒರೆಸಲು ನೋಡಿದ. ಅದು ಹೋಗಲಿಲ್ಲ, ಇನ್ನಷ್ಟು ಹರಡಿತು. ಅವನು ಗಾಬರಿಯಾದ. ಅತ್ತೆಗೆ ಕೇಳಿಸಬಾರದೆಂದು ಮೆಲ್ಲಗೆ, ಚುಚ್ಚುವ ಉದ್ದೇಶ ಒಂದಿಷ್ಟೂ ಇಲ್ಲದೆ ಹೇಳಿದ:

"ಏಳು ಮಗಾ. ಸೀರೆಗೆ ಪಾಚಿ ಹತ್ತುತ್ತೆ."

ಅವನು ಅಂದು ಕಣ್ಣನ್ನಷ್ಟೇ ಮುಚ್ಚಿಕೊಂಡಿದ್ದ, ಕಿವಿಯನ್ನಲ್ಲ.

ನಾನು ಹೂಂ ಎಂದೆ. ಏಳಲಿಲ್ಲ.